ಮೀನಿನ ಸಾಲು

“ಈಕಿನೂ ನನ್ನಂಗ ರೀ ಸರ್. ದನಿ ಇಲ್ಲ ಈಕಿಗೆ. ಮೀನಿನ ಸಾಲಿನ್ಯಾಗ ನಿಲ್ಲಸ್ರಿ.”

ಜೂನ್ ತಿಂಗಳದಾಗ ಮಗಳನ್ನ ನಮ್ಮ ಸಾಲಿ ನಾಕನೇತ್ತೆಗೆ ಹಚ್ಚಾಕ ಬಂದಾಕಿ ನಕ್ಕೋತ ಹಿಂಗ ಅಂದ್ಲು. ನಾನೂ ನಕ್ನಿ. ಬಾಜೂಕ ನಿಂತಿದ್ದ ಹುಡಿಗಿ ಒಬ್ಬಾಕಿನ ನಗಲಿಲ್ಲ. ಅವ್ವನ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿ ಮಾಡಕೋತ ನನ್ನ ಪೆಟ್ಟಿಗಿ ಕಡೆ ನೋಡಾಕತ್ತಿತ್ತು.

ಪೆಟ್ಟಿಗಿ ಅಂದ್ರ ಹಾರ್ಮೋನಿಯಂ. ನಾ ಡ್ರಾಯಿಂಗ್ ಮಾಸ್ತರ, ಸಂಗೀತ ಮಾಸ್ತರ ಅಲ್ಲ. ಆದ್ರ ನಮ್ಮ ಕಡೆ ಸಾಲಿಗೆ ಸಂಗೀತಕ್ಕಂತ ಬ್ಯಾರೆ ಮಾಸ್ತರ ಸಿಗೂದು ಅಪರೂಪ. ಸಣ್ಣಾಂವ ಇದ್ದಾಗಿಂದ ಭಜನಿ ಮ್ಯಾಳದಾಗ ಹಾಡಿ ಬೆಳದಾಂವ ನಾ, ಅಷ್ಟಿಷ್ಟು ಪೆಟ್ಟಿಗಿ ಬಾರಸತಿದ್ನಿ. ಅದನ್ನ ನೋಡಿದವರು ಎಲ್ಲಿ ಹೋದ್ರೂ “ಹಾಡೂದೂ ನೀವ ನೋಡ್ಕೋರಿ ಸರ್” ಅಂತ ನನ್ನ ಕೊರಳಿಗೆ ಕಟ್ಟತಿದ್ರು. ಖರೇ ಹೇಳ್ತೇನಿ, ಕಟ್ಟಿಸಿಕೊಳ್ಳಾಕ ನಂಗೂ ಖುಷಿನ ಇತ್ತು. ನನ್ನ ದನಿ ಬಗ್ಗೆ ನಂಗ ಭಾಳ ಸೊಕ್ಕು. ಈಗ ರಿಟೈರ್ ಆಗೇನಿ. ಇಲ್ಲಿ ಹೇಳಾಕತ್ತಿದ್ದು ನೌಕರಿಯ ಕೊನೇ ವರ್ಷದ ಮಾತು, ಮುನವಳ್ಳಿ ಕಡೆ ಒಂದು ಹಳ್ಳಿ ಸಾಲ್ಯಾಗ ನಡದದ್ದು.

ಮೀನಿನ ಸಾಲು ಅನ್ನೂದು ನಾನ ಹುಟ್ಟಿಸಿದ ಮಾತು. ನೌಕರಿ ಹೊಸದಾಗಿ ದೊಡವಾಡದ ಕಡೆ ಒಂದು ಸಾಲ್ಯಾಗಿದ್ದಾಗ ಮಕ್ಕಳನ್ನ ನವಿಲುತೀರ್ಥ ಡ್ಯಾಮಿಗೆ ಟ್ರಿಪ್ ಒಯ್ದಿದ್ವಿ. ಹುಡುಗೂರು ನೀರಿನ ದಂಡಿಗೆ ನಿಂತು ಚುರುಮರಿ ಒಗದ್ರ ಮೀನ ಮ್ಯಾಲ ಬಂದು ಬಾಯಿ ತಗದು ಮುಚ್ಚಿ, ತಗದು ಮುಚ್ಚಿ ಮಾಡಿದ್ವು. ಮುಂದ ಜನವರಿ ಇಪ್ಪತ್ತಾರರ ಹಾಡಿನ ತಾಲೀಮಿನ್ಯಾಗ ಬೇಸೂರ ಹಾಡೂವ ನಾಕೈದು ಮಕ್ಕಳನ್ನ ಹಿಂದಿನ ಸಾಲಿಗೆ ನಿಲ್ಲಿಸಿ, “ನೀವು ಡ್ಯಾಮಿನ ಮೀನಿನಂಗ ಬಾಯಿ ಅಷ್ಟ ಆಡಸ್ರಿ. ದನಿ ಹೊರಗ ಬಂತಂದ್ರ ನೋಡ್ರಿ ಮತ್ತ!” ಅಂದ್ನಿ. ಎಲ್ಲಾರೂ ಬಿದ್ದು ಬಿದ್ದು ನಕ್ರು, ಆ ನಾಕೈದು ಮಂದಿನೂ ನಕ್ರು. ಹಾಡು ಚೊಲೋ ಆತು, ಊರ ಹಿರೇರು ಶಹಬ್ಬಾಸ್ ಅಂದ್ರು. ಅಲ್ಲಿಂದ ಮುಂದ ನಾ ಹೋದ ಸಾಲ್ಯಾಗೆಲ್ಲಾ ಒಂದು ಮೀನಿನ ಸಾಲು ಇದ್ದ ಇರತಿತ್ತು.

ಆ ಮೊದಲನೇ ಮೀನಿನ ಸಾಲಿನ್ಯಾಗ ಇದ್ದ ಒಂದು ಐದನೇತ್ತೆ ಹುಡಿಗಿನ ಈಗ ಮಗಳನ್ನ ಕರಕೊಂಡು ಬಂದಾಕಿ. ಲಗ್ನ ಆಗಿ ಈ ಕಡೆ ಬಂದು ಮನ್ಯಾಗ ಹೊಲಿಗಿ ಮಷಿನ್ ಇಟಗೊಂಡಿದ್ಲು. ಇಷ್ಟು ವರ್ಷ ಆದ ಮ್ಯಾಲೂ ಹಳೇ ಮಾಸ್ತರನ್ನ ನೆನಪ ಇಟ್ಟಾಳಲ್ಲ ಅಂತ ನಂಗ ಆವತ್ತು ಭಾಳ ಹೆಮ್ಮಿ ಅನಿಸಿತ್ತು. ನೋಡ್ರಿ ನನ್ನ ಬುದ್ಧಿ!

ಆ ವರ್ಷ ನಮ್ಮ ಹೆಡ್ ಬಾಯಾರು, ಅಂದ್ರ ಮುಖ್ಯ ಶಿಕ್ಷಕಿ, ಒಂದು ಠರಾವು ಮಾಡಿದ್ರು. ಒಂದನೇತ್ತೆಯಿಂದ ಐದನೇತ್ತೆ ತನಕ ಚಿತ್ರ, ಸಂಗೀತ ಎರಡನ್ನೂ ಕೂಡಿಸಿ ಕಲಸೂದು, ಜನವರಿ ಗ್ಯಾದರಿಂಗಿನ್ಯಾಗ, ಅಂದ್ರ ಸಾಲಿ ವಾರ್ಷಿಕೋತ್ಸವದಾಗ, ಒಂದೊಂದು ಇಯತ್ತೆನೂ ಕಲಿತದ್ದನ್ನ ಮಂದಿ ಮುಂದ ಮಾಡಿ ತೋರಸೂದು. ಶಿಕ್ಷಣ ಖಾತೆ ಸಾಹೇಬರು ಬರತಾರ, ಆಜೂಬಾಜೂ ಸಾಲಿ ಮಾಸ್ತರಗೋಳು ಬರತಾರ ಅಂತ ಬಾಯಾರು ನಂಗ ಮತ್ತ ಮತ್ತ ಹೇಳಿದ್ರು. ಹೋಗೂ ಮುಂದ ಒಂದು ಹೆಸರು ಉಳಿಸಿ ಹೋಗಬೇಕು ಅಂತ ನಂಗೂ ಆಸೆ ಇತ್ತು.

ನಾ ಮಾಡಿದ್ದು ಹಿಂಗ. ಒಂದನೇತ್ತೆ ಮಕ್ಕಳಿಗೆ ಗೆರಿ ಇಲ್ಲ, ಅಕ್ಷರ ಇಲ್ಲ, ಮೈ ಅಷ್ಟ. ಪೆಟ್ಟಿಗಿ ದನಿ ಏರಿದ್ರ ಏಳಬೇಕು, ಇಳದ್ರ ಕುಂದ್ರಬೇಕು. ಅವರ ಜೋಡಿ ಎದ್ದು ಕುಂತು ಎರಡ ದಿನಕ್ಕ ನನ್ನ ಮೊಣಕಾಲು ಹಿಡಕೊಂಡ್ವು. ಎರಡನೇತ್ತೆಗೆ ತಾಳ: ಗಿಡ್ಡ ಬಡಿತಕ್ಕ ಒಂದು ಹುಣಸಿ ಬೀಜ, ಉದ್ದ ಬಡಿತಕ್ಕ ಒಂದು ಕಡ್ಡಿ, ನೆಲದ ಮ್ಯಾಲ ಸಾಲಾಗಿ ಇಡೂದು. ಮೂರನೇತ್ತೆಯವರು ಹಾಡು ಕೇಳಕೋತ ಪಾಟಿ ಮ್ಯಾಲ ಒಂದ ಗೆರಿ ಎಳೀಬೇಕು, ದನಿ ಹೋದಲ್ಲಿ ಗೆರಿ ಹೋಗಬೇಕು. ನಾಕನೇತ್ತೆಯವರು ಅದನ್ನ ದೊಡ್ಡ ಕಾಗದದ ಮ್ಯಾಲ ಬಣ್ಣದ ಕಡ್ಡೀಲೆ ತಗೀಬೇಕು, ಐದನೇತ್ತೆಯವರು ಗೆರಿ ಕೆಳಗ ಸರಿಗಮ ಬರೀಬೇಕು.

ಕಾಗದದ ಮ್ಯಾಲ ಇದು ಚೆಂದ ಕಾಣತಿತ್ತು. ಮೂರನೇತ್ತೆಗೆ “ಗೆರಿ ಏರಸ್ರಿ, ಇಳಸ್ರಿ” ಅಂದ್ರ ಎಲ್ಲಾ ಮಕ್ಕಳು ಎರಡು ಗುಡ್ಡ ತಗದು ನಡುವ ಸೂರ್ಯಾನ್ನ ಕುಂದ್ರಿಸಿ, ಕೆಳಗ ಒಂದು ಹೊಳಿ ಬಿಟ್ಟು ತಂದು ತೋರಿಸಿದ್ವು. ಎರಡನೇತ್ತೆಯವರು ಹುಣಸಿ ಬೀಜ ಹುರದು ತಿಂದಬಿಟ್ರು. ನಾ ಒದರಿ ಒದರಿ ಗಂಟಲ ಹರಕೊಂಡ್ನಿ. ಈಗ ಅದನ್ನೆಲ್ಲಾ ನೆನಿಸಿಕೊಂಡ್ರ ಹೊಟ್ಟಿ ತುಂಬ ನಗು ಬರತೈತಿ. ಮತ್ತೊಮ್ಮೆ ಆ ಗದ್ದಲದಾಗ ಹೋಗಿ ಕುಂದ್ರಬೇಕು ಅನಸತೈತಿ.

ಗ್ಯಾದರಿಂಗಿನ ಹಾಡು ನಾನ ಕಟ್ಟಿದ್ದು, ಎತ್ತಿನ ಗೆಜ್ಜಿ ಮ್ಯಾಲ. ಪೆಟ್ಟಿಗಿ ಮ್ಯಾಲ ಬೆರಳಿಲೆ ಒತ್ತೂವ ಕರಿ ಮನಿ, ಬಿಳಿ ಮನಿ ಅಂತ ಇರತಾವು. ಹಾಡಿನ ‘ಸಾ’ ಯಾವ ಮನಿಗೆ ಹಿಡೀತೇವಿ ಅದು ಆ ಹಾಡಿನ ಪಟ್ಟಿ. ನಂದು ಮೊದಲಿನಿಂದ ಕರಿ ಒಂದು. ನಾ ಮುಂದ ಅಂದು ತೋರಸೂದು, ಮಕ್ಕಳು ಹಿಂದ ಅನ್ನೂದು, ಅದು ನನ್ನ ಪದ್ಧತಿ. ಹೊಸ ಹುಡಿಗಿ ಮೊದಲನೇ ದಿನ ಬಾಯಿ ತಗದಾಗ ಮ್ಯಾಲಿನ ಸ್ವರ ಗಂಡಸರ ದನಿಯಂಗ ದಪ್ಪಾಗಿ ಬಂದ್ವು, ಕೆಳಗಿನ ಸ್ವರಕ್ಕ ಬರೀ ಗೊರಗೊರ. ಹುಡುಗೂರು ಕಿಸಕ್ ಅಂದ್ರು. ಅವ್ವ ಹೇಳಿದ್ದು ಖರೇ ಐತಿ ಅಂತ ಆಕಿನ್ನ ಒಯ್ದು ಹಿಂದ ನಿಲ್ಲಿಸಿದ್ನಿ. ಆಕಿನ್ನ ಹಿಡದು ಆ ವರ್ಷ ಮೀನಿನ ಸಾಲಿನ್ಯಾಗ ಏಳು ಮಂದಿ.

ದಸರಾ ಸೂಟಿ ಮುಗಿಸಿ ಬಂದ ಮ್ಯಾಲ ಒಂದು ದಿನ ನಾಕನೇತ್ತೆಯವರಿಗೆ ಗೆರಿ ತಗಿಯಾಕ ಹಚ್ಚಿದ್ನಿ. ನಾ ಹಾಡಾಕತ್ನಿ, ಮಕ್ಕಳು ನೆಲದ ಮ್ಯಾಲ ಬೋರಲ ಬಿದ್ದು ಎಳ್ಯಾಕತ್ರು. ಆಮ್ಯಾಲ ಒಂದೊಂದ ಕಾಗದ ನೋಡಕೋತ ಬಂದು ಆ ಹೊಸ ಹುಡಿಗಿ ಕಾಗದದ ಮುಂದ ನಿಂತಬಿಟ್ನಿ. ಅಂಥಾ ಗೆರಿ ನಾ ನೋಡಿರಲಿಲ್ಲ. ಎಲ್ಲಿ ದನಿ ಸಣ್ಣಗ ನಡಗತೈತೋ ಅಲ್ಲಿ ಗೆರಿ ನಡಗಿತ್ತು, ಎಲ್ಲಿ ನಾ ಉಸರ ತಗೊಂಡಿದ್ನೋ ಅಲ್ಲಿ ಕಡ್ಡಿ ಎತ್ತಿದ್ಲು. ಹಾಡಿನ ಎರಡನೇ ಸಾಲಿನ ಕೊನಿಗೆ ಮಾತ್ರ ತಪ್ಪಿದ್ಲು. ಅಲ್ಲಿ “ಗೆಜ್ಜೀ” ಅಂತ ಎಳದು ‘ನಿ’ ಮ್ಯಾಲ ನೆಟ್ಟಗ ನಿಲ್ಲಬೇಕು. ಈಕಿ ಗೆರಿ ಅಲ್ಲಿ ಕೆಳಗ ಬಾಗಿತ್ತು.

“ಇಲ್ಲಿ ಯಾಕ ಬಗ್ಗಿಸಿದಿ ತಂಗಿ? ನೆಟ್ಟಗ ಹೋಗಬೇಕಲ್ಲ?”

“ನೀವು ಅಲ್ಲಿ ಇಳೀತೀರಿ ರೀ ಸರ್.”

“ಯಾರು?”

“ನೀವ ರೀ. ದಿನಾ ಇಳೀತೀರಿ.”

ನನ್ನ ಕಿವಿ ಬೆಚ್ಚಗಾದ್ವು. “ಆಹಾಹಾ! ಮೀನಿನ ಸಾಲಿನಾಕಿ ನಂಗ ಸ್ವರಾ ಕಲಸಾಕ ಬಂದ್ಲು!” ಅಂದು ಕಾಗದ ಆಕಿ ಮುಂದ ಒಗದ್ನಿ. ಹುಡುಗೂರು ನಕ್ರು. ಆಕಿ ಕಾಗದ ಸುರುಳಿ ಸುತ್ತಿ ಚೀಲದಾಗ ಇಟ್ಟಕೊಂಡ್ಲು, ಒಂದು ಹನಿ ಕಣ್ಣೀರ ಸತೇಕ ಹಾಕಲಿಲ್ಲ.

ಸಾಲಿ ಬಿಟ್ಟ ಮ್ಯಾಲ ಖೋಲ್ಯಾಗ ಒಬ್ಬನ ಕುಂತು ಮೊಬೈಲ್‌ನ್ಯಾಗ ನನ್ನ ಹಾಡು ರೆಕಾರ್ಡ ಮಾಡಿದ್ನಿ. ಆಕಿ ಹೇಳಿದ್ದು ಸುಳ್ಳು ಅಂತ ತೋರಸಬೇಕಿತ್ತು, ಯಾರಿಗೆ ಅಂತ ಗೊತ್ತಿಲ್ಲ. ಹಾಡು ಹಚ್ಚಿ, ಅದ ಹೊತ್ತಿಗೆ ಪೆಟ್ಟಿಗಿ ಮ್ಯಾಲ ‘ನಿ’ ಒತ್ತಿ ಹಿಡದ್ನಿ. ಪೆಟ್ಟಿಗಿ ಸ್ವರ ಮ್ಯಾಲ ಉಳೀತು, ನನ್ನ ದನಿ ಕೆಳಗ ಹೋತು. ಮತ್ತೊಮ್ಮೆ ಹಚ್ಚಿದ್ನಿ, ಮತ್ತ ಅದ. ಆಕಿ ಗೆರಿ ಎಷ್ಟು ಬಾಗಿತ್ತೋ ಬರೋಬ್ಬರಿ ಅಷ್ಟ. ಇಷ್ಟು ವರ್ಷ ಭಜನಿ ಮ್ಯಾಳದಾಗ ಯಾರಿಗೂ ಕೇಳಿರಲಿಲ್ಲ, ಇಲ್ಲಾ ಕೇಳಿದ್ರೂ ಮಾಸ್ತರಗ ಯಾರು ಹೇಳಬೇಕು?

ಇಂಥಾ ಕಿವಿ ಇದ್ದಾಕಿ ಬೇಸೂರ ಹೆಂಗ ಆದಾಳು? ಅದು ನಂಗ ಬಗೀಹರಿಯಲಿಲ್ಲ. ಎರಡು ದಿನ ಸಿಟ್ಟಿನ್ಯಾಗ ಆಕಿ ಮಾರಿ ನೋಡಲಿಲ್ಲ. ಮೂರನೇ ದಿನ ಕರದು, “ತಂಗಿ, ನೀ ಹೇಳಿದ್ದು ಖರೇ. ನಾ ಇಳೀತಿದ್ನಿ. ಈಗ ನೀ ಹಾಡು, ನಾ ಕೇಳ್ತೇನಿ” ಅಂದ್ನಿ.

ಆಕಿ ಬಾಯಿ ತಗದ್ಲು. ತುಟಿ ಆಡಿದ್ವು, ದನಿ ಬರಲಿಲ್ಲ. ನಾ ಪೆಟ್ಟಿಗಿ ತಿದಿ ಒತ್ತಿ ‘ಸಾ’ ಹಿಡದ್ನಿ, ಮತ್ತ ತುಟಿ ಅಷ್ಟ. “ದನಿ ಬಿಡವ್ವಾ” ಅಂದ್ರ, “ಬರವಲ್ದು ರೀ ಸರ್” ಅಂತ ಅತ್ಲು. ಮಾತಾಡೂ ಮುಂದ ದನಿ ಇತ್ತು, ಹಾಡಾಕ ಅಂತ ನಿಂತ್ರ ಗಂಟಲ ಕಟ್ಟತಿತ್ತು. ನಾಕು ತಿಂಗಳು ಮುಚ್ಚಿದ್ದನ್ನ ನಾಕು ನಿಮಿಷದಾಗ ತಗೀಬೇಕಂದ್ರ ಹೆಂಗ ಆದೀತು? ನಂಗ ಆವತ್ತು ಖರೇನ ಹೆದರಿಕಿ ಆತು. ಈ ಹುಡಿಗಿ ದನಿ ನಾನ ನುಂಗಿದ್ನಿ ಅಂತ ಅನಿಸಿತು.

ಮುಂದಿನ ಹದಿನೈದು ದಿನ ನಾ ಏನೇನ ಮಾಡಲಿಲ್ಲ! ಎಲ್ಲಾರಿಗೂ ಬೆನ್ನ ಮಾಡಿ ನಿಂತು ಹಾಡು ಅಂದ್ನಿ, ಆಗಲಿಲ್ಲ. ಒಂದನೇತ್ತೆ ಮಕ್ಕಳ ಜೋಡಿ ಎದ್ದು ಕುಂತು ಮಾಡಾಕ ಹಚ್ಚಿದ್ನಿ, ಮೈ ಎದ್ದಿತು, ದನಿ ಏಳಲಿಲ್ಲ. ಕೊನಿಗೆ ಕೆಲಸ ಆಗಿದ್ದು ಬಿಸಿಯೂಟದ ಡಬರಿಯಿಂದ. ಒಂದು ಮಧ್ಯಾಹ್ನ ಅಡಗಿ ಮನಿ ಹಿಂದ ತೊಳದು ಬೋರಲ ಹಾಕಿದ್ದ, ಅನ್ನ ಮಾಡೂವ ದೊಡ್ಡ ಡಬರಿ ಎತ್ತಿ ನಿಲ್ಲಿಸಿ, “ಇದರಾಗ ತಲಿ ಹಾಕಿ ಊಂ ಅನ್ನು. ಒಳಗ ಯಾರೂ ಇಲ್ಲ, ನೀ ಒಬ್ಬಾಕಿನ” ಅಂದ್ನಿ. ಅಡಗಿ ಮಾಡೂವಾಕಿ ಸೆರಗ ಬಾಯಿಗೆ ಹಚ್ಚಿ ನಗಾಕತ್ಲು. ಹುಡಿಗಿ ತಲಿ ಹಾಕಿತು. ಸ್ವಲ್ಪ ಹೊತ್ತಿಗೆ ಡಬರಿ ಗುಂಯ್ ಅಂತು.

ನಾ ಓಡಿ ಹೋಗಿ ಪೆಟ್ಟಿಗಿ ತಂದು ಕಟ್ಟಿ ಮ್ಯಾಲ ಇಟ್ಟು ಒಂದೊಂದ ಮನಿ ಒತ್ತಿ ಹುಡುಕಿದ್ನಿ. ಬಿಳಿ ಆರಕ್ಕ ಬಂದು ಎರಡೂ ಕೂಡಿದ್ವು. ಆ ಮನಿಯಿಂದ ‘ಸಾ’ ಹಿಡದ್ರ ಡಬರಿ ಒಳಗ ಪೂರಾ ಸರಿಗಮ ಬಂತು, ಒಂದ ಒಂದು ಸ್ವರ ಅಲಗಲಿಲ್ಲ. “ಸಾಕ್ರೀ ಸರ್? ಒಳಗ ಶಕಿ ಆಗಾಕತೈತಿ” ಅಂತ ಡಬರಿ ಒಳಗಿಂದನ ಕೇಳಿದ್ಲು.

ಆವಾಗ ನಂಗ ತಿಳೀತು. ಗಂಡಸರ ದನಿ ತಳಮನಿ, ಸಣ್ಣ ಮಕ್ಕಳ ದನಿ ಅಟ್ಟ. ನಾ ತಳಮನ್ಯಾಗ ನಿಂತು ಹಾಡಿದ್ರ ಉಳಿದ ಮಕ್ಕಳು ತಮಗ ಗೊತ್ತಿಲ್ಲದ ಮ್ಯಾಲ ಹಾರಿ ಅಟ್ಟದಾಗ ಹಾಡತಾವು. ಈಕಿ ಹಾರತಿರಲಿಲ್ಲ. ಮಾಸ್ತರ ಹೆಂಗ ಅಂತಾರ ಹಂಗ ಅನ್ನಬೇಕು ಅಂತ ನಾ ಹೇಳಿದ್ನಲ್ಲ, ಈಕಿ ನಾ ನಿಂತಲ್ಲೇ ಬಂದು ನಿಂದರಾಕ ನೋಡತಿದ್ಲು. ಮ್ಯಾಲಿನ ಸ್ವರಕ್ಕ ನನ್ನ ಜೋಡಿ ಸಿಗತಿದ್ಲು, ಕೆಳಗ ಇಳದ್ರ ಸಣ್ಣ ಹುಡಿಗಿಗೆ ಆ ದನಿ ಎಲ್ಲಿಂದ ಬರಬೇಕು? ಅದ ಗೊರಗೊರ. ಇಡೀ ಸಾಲ್ಯಾಗ ನನ್ನ ಮಾತು ಬರೋಬ್ಬರಿ ಕೇಳಿದಾಕಿ ಆಕಿ ಒಬ್ಬಾಕಿನ, ಆಕಿನ್ನ ನಾ ಹಿಂದ ನಿಲ್ಲಿಸಿದ್ನಿ. ಉಳಿದ ಆರು ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕರದು ನೋಡಿದ್ನಿ. ನಾಕು ಮಕ್ಕಳದು ಇದ ಹಕೀಕತ್ತು. ಇಬ್ಬರು ಖರೇನ ಬೇಸೂರ ಇದ್ರು, ಆದ್ರ ಮುಂದ ದಿನಾ ಹಾಡಿ ಹಾಡಿ ಅವರೂ ಹಾದಿಗೆ ಬರಾಕತ್ರು.

ಅಂದಿನಿಂದ ನಾ ಮುಂದ ಹಾಡೂದು ಬಿಟ್ನಿ. ಪೆಟ್ಟಿಗಿ ಅಷ್ಟ ಬಾರಸೂದು, ಮಕ್ಕಳು ಅದರ ಹಿಂದ ಬರಬೇಕು. ಎಂಟು ದಿನದಾಗ ಹುಡಿಗಿ ಡಬರಿ ಬಿಟ್ಟು ಹೊರಗೂ ಹಾಡಾಕತ್ಲು. ಹಾಡಿನ ಪಟ್ಟಿ ಮಕ್ಕಳ ಅಟ್ಟದ ಕರಿ ಒಂದರಿಂದ ಅದರ ಕೆಳಗಿನ ಬಿಳಿ ಆರಕ್ಕ ಇಳಿಸಿದ್ನಿ. ಮೀನಿನ ಸಾಲು ಮುರದು ಏಳೂ ಮಂದಿನ್ನ ಮುಂದ ತಂದು ನಿಲ್ಲಿಸಿದ್ನಿ. ಹಾಡಿನ ಮೊದಲಿನ ಎರಡು ಸಾಲು ಹುಡಿಗಿ ಒಬ್ಬಾಕಿನ ಅನ್ನಬೇಕು ಅಂತ ಹೇಳಿದ್ನಿ.

ಹಾಡು ಕೆಟ್ಟಿತು. ಕೇಳೂವಂಗ ಇರಲಿಲ್ಲ. ಮ್ಯಾಲಿನ ಪಟ್ಟಿಗೆ ರೂಢಿ ಆದ ಮಕ್ಕಳು ಕೆಳಗ ತಡಕಾಡಿದ್ರು, ಮುಂದ ಬಂದವರು ಹೆದರಿ ನಡಗಿದ್ರು. ಗ್ಯಾದರಿಂಗಿಗೆ ಎಂಟು ದಿನ ಇದ್ದಾಗ ಹೆಡ್ ಬಾಯಾರು ತಾಲೀಮು ನೋಡಾಕ ಬಂದು ಹಣಿ ಹಿಡಕೊಂಡು ಕುಂತ್ರು.

“ಇದೇನ್ರೀ ಸರ್, ಸತ್ತ ಮನಿ ಭಜನಿ ಆದಂಗ ಆಗೇತಲ್ರೀ! ಸಾಹೇಬರ ಮುಂದ ಇದನ್ನ ಹಾಡಸ್ತೀರಿ? ಮೊದಲಿನ ಪಟ್ಟಿಗೇ ಹಚ್ರಿ. ಆ ಏಳು ಮಂದಿ ಹಿಂದ ಬಾಯಿ ಆಡಸ್ಲಿ, ಅದೊಂದು ದಿನ.”

“ಅದೊಂದು ದಿನ ಅನಕೋತನ ನಾ ಇಷ್ಟು ವರ್ಷ ನಡಿಸೇನ್ರೀ ಬಾಯಾರ.”

“ಮಕ್ಕಳ ಮರ್ಯಾದಿ ಹೋಗತೈತಿ ರೀ. ನಿಮ್ಮದೂ ಹೋಗತೈತಿ. ನಿಮ್ಮ ಕೊನೇ ಗ್ಯಾದರಿಂಗ ಇದು.”

ಅವರು ಕೆಟ್ಟವರಲ್ಲ, ನನ್ನ ಸಲುವಾಗಿನ ಹೇಳಿದ್ರು. ಆ ರಾತ್ರಿ ನಂಗೂ ಮನಸು ಹೊಯ್ದಾಡಿತು. ಮ್ಯಾಲಿನ ಪಟ್ಟಿ, ಏಳು ಬಾಯಿ ಮುಚ್ಚಿದ್ರ ಮುಗೀತು, ಚೆಂದಾಗಿ ಮಾಲಿ ಹಾಕಿಸಿಕೊಂಡು ಮನಿಗೆ ಹೋಗಬಹುದು. ಮುಂಜಾನೆ ಸಾಲಿಗೆ ಹೋದ ಕೂಡಲೆ, “ಬಾಯಾರ, ಹಾಡಿದ್ರ ಎಲ್ಲಾರೂ ಹಾಡತಾರ. ಇಲ್ಲಂದ್ರ ನಾ ಪೆಟ್ಟಿಗಿ ಮುಟ್ಟೂದಿಲ್ಲ” ಅಂದ್ನಿ. ಬಾಯಾರು ಕನ್ನಡಕ ತಗದು ಒರಸಿಕೊಂಡು, “ಹಠಮಾರಿ ಅದೀರಿ ನೀವು” ಅಂದ್ರು. ಮರುದಿನದಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಅವರೂ ಬಂದು ಕುಂತು ಕೈತಾಳ ಹಾಕಿ ತಾಲೀಮು ಮಾಡಿಸಿದ್ರು.

ಗ್ಯಾದರಿಂಗಿನ ದಿನ ಇಳಿಹೊತ್ತು. ಒಂದನೇತ್ತೆ ಮಕ್ಕಳು ಎದ್ದು ಕುಂತು ಎದ್ದು ಕುಂತು ಒಬ್ಬರ ಮ್ಯಾಲ ಒಬ್ಬರು ಬಿದ್ರು, ಮಂದಿ ಹೋ ಅಂತು. ಗೆರಿ ತಗದ ಕಾಗದಗಳನ್ನ ದಾರಕ್ಕ ಕಟ್ಟಿದ್ವಿ. ಈಕಿ ಗೆರಿ ಎಲ್ಲಾದಕ್ಕೂ ಮುಂದ ಇತ್ತು, ನನ್ನ ತಪ್ಪಿನ ಸಮೇತ. ಆಮ್ಯಾಲ ಹಾಡು.

ನಾ ‘ಸಾ’ ಹಿಡದ್ನಿ. ಹುಡಿಗಿ ಮುಂದ ಬಂದು ಬಾಯಿ ತಗದ್ಲು. ದನಿ ಬರಲಿಲ್ಲ. ಮತ್ತ ತಿದಿ ಒತ್ತಿದ್ನಿ. ತುಟಿ ಆಡಿದ್ವು, ದನಿ ಇಲ್ಲ. ಸಾಹೇಬರು ಬಾಯಾರ ಕಡೆ ನೋಡಿದ್ರು. ನಾ ಒಂದು ಸ್ವರ ಅಂದು ತೋರಿಸಿದ್ರ ಆಕಿ ಮತ್ತ ನನ್ನ ತಳಮನಿಗೆ ಇಳೀತಾಳ ಅಂತ ಗೊತ್ತಿತ್ತು, ಅದಕ್ಕ ನಾ ಹಾಡಲಿಲ್ಲ. ಕಡೀಕ ಪೆಟ್ಟಿಗಿ ಮ್ಯಾಲ ಬಾಗಿ ಆಕಿಗೆ ಅಷ್ಟ ಕೇಳೂವಂಗ “ಡಬರಿ” ಅಂದ್ನಿ.

ಆಕಿ ಫಕ್ಕನ ನಕ್ಲು. ನಕ್ಕ ದನಿ ಹಂಗ ಹಾಡಾತು. ಎರಡನೇ ಸಾಲಿನ ಕೊನಿಗೆ “ಗೆಜ್ಜೀ” ಅಂತ ‘ನಿ’ ಮ್ಯಾಲ ನೆಟ್ಟಗ ನಿಂತು, ತಿರಗಿ ನನ್ನ ಮಾರಿ ನೋಡಿದ್ಲು. ಇಳೀಲಿಲ್ಲ. ಉಳಿದ ಮಕ್ಕಳು ಕೂಡಿಕೊಂಡ್ರು. ನನ್ನ ಕಣ್ಣಾಗ ನೀರು ಬಂದ್ವು, ಅದನ್ನ ಮುಚ್ಚಿಡೂದು ಏನೈತಿ?

ಕೊನೇ ನುಡಿಗೆ ಮಂದಿಗೂ ಹಾಡ್ರಿ ಅಂದ್ವಿ. ಹೆಂಗಸರ ಸಾಲಿನ್ಯಾಗ ಎಲ್ಲಾರಿಗಿಂತ ಮುಂದ, ನನ್ನ ಪೆಟ್ಟಿಗಿ ಹತ್ರನ, ಹುಡಿಗಿ ಅವ್ವ ಕುಂತಿದ್ಲು. ಮಗಳು ಮನ್ಯಾಗ ದಿನಾ ಹಾಡಿ ಆಕಿಗೆ ಹಾಡು ಪೂರಾ ಬಾಯಿಪಾಠ ಆಗಿತ್ತು. ಒಂದೊಂದ ಅಕ್ಷರಕ್ಕೂ ಆಕಿ ತುಟಿ ಬರೋಬ್ಬರಿ ಆಡಾಕತ್ತಿದ್ವು. ನಾ ಕಿವಿಗೊಟ್ಟು ಕೇಳಿದ್ನಿ. ದನಿ ಇರಲಿಲ್ಲ.

ಮಂದಿ ಎದ್ದು ಹೋದ ಮ್ಯಾಲ ಆಕಿ ಮಗಳನ್ನ ಕರಕೊಂಡು ಬಂದು ನಮಸ್ಕಾರ ಮಾಡಿದ್ಲು. ನಾ ಪೆಟ್ಟಿಗಿಗೆ ಅರಿವಿ ಸುತ್ತಾಕತ್ತಿದ್ನಿ.

“ಯವ್ವಾ, ನಿಂಗ ದನಿ ಇಲ್ಲ ಅಂದಿದ್ನಲ್ಲ, ಅದು ನನ್ನ ತಪ್ಪು. ನಿಂದಲ್ಲ.”

“ಇರ್ಲಿ ಬಿಡ್ರೀ ಸರ್, ಅದ ಎಂದಿನ ಮಾತು. ನಾ ಮರತ ಬಿಟ್ಟೇನ್ರಿ” ಅಂದ್ಲು. ಆಮ್ಯಾಲ ತಾನ ಹೇಳಿದ್ಲು: “ಈಕಿ ತೊಟ್ಟಿಲದಾಗ ಇದ್ದಾಗ ಮನ್ಯಾಗಿನವರು ಜೋಗುಳ ಅನ್ನು ಅಂದ್ರು ರೀ. ನಂಗ ಬರೂದಿಲ್ಲ ಅಂದ್ನಿ. ಕಡೀಕ ನಮ್ಮ ನೆಗೆಣ್ಣಿ ಹಾಡಿದ್ಲು.”

ನಾ ಅರಿವಿ ಗಂಟು ಹಾಕೂದು ಬಿಟ್ನಿ.

“ಮಗಳದು ಬಿಳಿ ಆರು ಅಂತ ದಿನಾ ಹೇಳತೈತ್ರಿ” ಅಂದ್ಲು ಆಕಿ. “ಹಂಗಾರ ನಂದು ಯಾವ ಪಟ್ಟಿ ಇತ್ರೀ ಸರ್?”

ನಂಗ ಗೊತ್ತಿರಲಿಲ್ಲ. ಐದನೇತ್ತೆ ವರ್ಷ ಇಡೀ ಆಕಿನ್ನ ಕಣ್ಣ ಮುಂದ ಇಟಗೊಂಡಿದ್ನಿ, ಆಕಿ ದನಿ ಒಂದ ದಿನಾನೂ ನೆಟ್ಟಗ ಕೇಳಿರಲಿಲ್ಲ.

ಅರಿವಿ ಬಿಚ್ಚಿದ್ನಿ. ಅಲ್ಲೇ ಕಟ್ಟಿ ಮ್ಯಾಲ ಕುಂತು ತಿದಿ ಒತ್ತಿ, “ಸಾ ಅನ್ನವ್ವಾ” ಅಂದ್ನಿ. “ಅಯ್ಯ, ಹೋಗ್ರೀ ಸರ್, ಈ ವಯಸಿನ್ಯಾಗ” ಅಂತ ಆ ಕಡೆ ಈ ಕಡೆ ನೋಡಿದ್ಲು. ಮಗಳು ಅವ್ವನ ಸೆರಗ ಜಗ್ಗಿದ್ಲು. ಆಕಿ ಕಣ್ಣ ಮುಚ್ಚಿ ಬಾಯಿ ತಗದ್ಲು. ಪೆಟ್ಟಿಗಿ ಸಪ್ಪಳದಾಗ ನಂಗ ಏನೂ ಕೇಳಲಿಲ್ಲ.

ತಿದಿ ಬಿಟ್ಟು ಕೈ ತಗದ್ನಿ. ಆವಾಗ ಕೇಳಿಸಿತು.